ಮಡಕೆ, ಹುತ್ತ ಮತ್ತು ದೇವರ ಅಸ್ತಿತ್ವದ ವಾದ

"ಮಡಕೆಗೆ ಕುಂಬಾರ ಇರೋ ಹಾಗೆ ಜಗತ್ತಿಗೂ ಒಬ್ಬ ಇರ್ಲೇಬೇಕಲ್ವಾ?" ದೇವರ ವಿಷಯ ಬಂದಾಗಲೆಲ್ಲ ಕೇಳಿಬರುವ ಮಾತು. ನೈಯಾಯಿಕರು, ಅಂದರೆ ನ್ಯಾಯ ಎಂಬ ತರ್ಕದರ್ಶನದವರು, ಇದನ್ನು ಅಚ್ಚುಕಟ್ಟಾಗಿ ಐದು ಹೆಜ್ಜೆಗಳಲ್ಲಿ ಕಟ್ಟಿದ್ದಾರೆ. ಜಗತ್ತಿಗೆ ಕರ್ತನಿದ್ದಾನೆ ಎಂಬುದು ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಅದು ಕಾರ್ಯ, ಅಂದರೆ ಉಂಟಾದ ವಸ್ತು, ಆದ್ದರಿಂದ ಎಂಬುದು ಹೇತು (ಕಾರಣ), ಮಡಕೆ ಉದಾಹರಣೆ. ಆಮೇಲೆ ಉದಾಹರಣೆಯನ್ನು ಜಗತ್ತಿಗೆ ಹೊಂದಿಸುವ ಉಪನಯ, ಕೊನೆಗೆ ತೀರ್ಮಾನ ಹೇಳುವ ನಿಗಮನ.

ಈ ವಾದ ಸೋಲುವುದು ವ್ಯಾಪ್ತಿಯಲ್ಲಿ, ಅಂದರೆ ಕಾರ್ಯವಾದದ್ದಕ್ಕೆಲ್ಲ ಕುಂಬಾರನಂಥ ಕರ್ತನಿರಲೇಬೇಕು ಎಂಬ ನಿಯಮದಲ್ಲಿ. ಮಂಡ್ಯದ ಗದ್ದೆ ಬದುವಿನ ಹುತ್ತವನ್ನೇ ನೋಡಿ. ಅದೂ ಮಡಕೆಯ ಹಾಗೆ ಮಣ್ಣು ರೂಪ ಬದಲಿಸಿ ಆದದ್ದೇ, ಆದರೆ ಕುಂಬಾರ ಮಾಡಿದ್ದಲ್ಲ, ಗೆದ್ದಲು ಕಟ್ಟಿದ್ದು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಕೊಟ್ಟ ಉದಾಹರಣೆ ಇದೇ. ನಾಗರಪಂಚಮಿಗೆ ನಾವು ಹಾಲೆರೆಯುವ ಹುತ್ತವೇ ಈ ವಾದದ ಬುಡ ಅಲ್ಲಾಡಿಸುತ್ತದೆ!

ಇನ್ನೂ ದೊಡ್ಡ ಆಕ್ಷೇಪ ಬಂದದ್ದು ನಾಸ್ತಿಕರಿಂದಲ್ಲ, ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರಿಂದ. ಕುಂಬಾರನಿಗೆ ಮೈಯಿದೆ, ಅವನು ಸರ್ವಜ್ಞನಲ್ಲ. ಅರಮನೆ ಕಟ್ಟಲು ಹತ್ತಾರು ಕೈ ಬೇಕು. ಇಡೀ ಜಗತ್ತು ಒಂದೇ ಸಲ, ಒಬ್ಬನಿಂದಲೇ ಆಯಿತೆನ್ನಲು ಆಧಾರವೇನು? ಅನುಮಾನದಿಂದ, ಅಂದರೆ ಬರೀ ತರ್ಕದ ಊಹೆಯಿಂದ, ಈಶ್ವರ ಸಿದ್ಧಿಸುವುದಿಲ್ಲ, ಶಾಸ್ತ್ರವೇ ಪ್ರಮಾಣ (ತಿಳಿವಿಗೆ ಆಧಾರ) ಎಂದು ಬ್ರಹ್ಮಸೂತ್ರಗಳ ಮೇಲಿನ ತಮ್ಮ ವ್ಯಾಖ್ಯಾನ ಶ್ರೀಭಾಷ್ಯದಲ್ಲಿ ಖಂಡಿತವಾಗಿ ಹೇಳಿದರು. ಭಕ್ತನೊಬ್ಬ ತನ್ನದೇ ಪಕ್ಷದ ದುರ್ಬಲ ವಾದವನ್ನು ಕಿತ್ತುಹಾಕಿದ್ದು ನನಗೆ ತುಂಬ ದೊಡ್ಡದೆನಿಸುತ್ತದೆ.

ಹಾಗಾದರೆ ಶಾಸ್ತ್ರವನ್ನು ಯಾಕೆ ನಂಬಬೇಕು? ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಾ ದರ್ಶನದವರ, ಅಂದರೆ ಮೀಮಾಂಸಕರ, ಉತ್ತರ ಸ್ವತಃಪ್ರಾಮಾಣ್ಯ. ಜ್ಞಾನ ಹುಟ್ಟುವಾಗಲೇ ನಂಬಿಕೆಗೆ ಅರ್ಹ, ಕೈಬಿಡಲು ಕಾರಣ ಬೇಕು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದೆ ಎಂದು ಪಕ್ಕದ ಮನೆಯವರು ಹೇಳಿದರೆ ನಂಬುತ್ತೀವಿ. ಬಿಡುವುದು ಎರಡೇ ಸಂದರ್ಭದಲ್ಲಿ: ಹೇಳಿದವರಿಗೆ ಸುದ್ದಿ ತಿಳಿದ ದಾರಿಯಲ್ಲಿ ದೋಷವಿದ್ದರೆ, ಇಲ್ಲವೇ ಕಟ್ಟೆಗೇ ಹೋಗಿ ಅಳತೆಪಟ್ಟಿ ನೋಡಿದವರು ಬೇರೆ ಹೇಳಿದರೆ. ಮೊದಲನೆಯದು ಕಾರಣದೋಷ, ಎರಡನೆಯದು ಬಾಧಕ. ವೇದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಕರ್ತೃದೋಷವೂ ಇಲ್ಲ ಎಂಬುದು ಅವರ ಮುಂದಿನ ಹೆಜ್ಜೆ. (ಅದೇ ಮೀಮಾಂಸಕರು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ!)

ಸ್ವತಃಪ್ರಾಮಾಣ್ಯವನ್ನು ಹಿಡಿದವರು ಬಾಧಕವನ್ನು ಮರೆಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಕಣ್ಣೆದುರಿನದಕ್ಕೆ ವಿರುದ್ಧವಾದ ವಾಕ್ಯ ಬಂದರೆ ಅರ್ಥವನ್ನು ಮತ್ತೆ ನೋಡಲೇಬೇಕು. ಅದಕ್ಕೆ ಒಪ್ಪದವರು ಪ್ರಮಾಣದ ಮಾತು ಆಡಬಾರದು.

ಶಬ್ದಕ್ಕೆ, ಅಂದರೆ ಶಾಸ್ತ್ರವಾಕ್ಯಕ್ಕೆ, ಇನ್ನೊಂದು ಶಬ್ದವೇ ಎದುರಾದರೆ ಇನ್ನೂ ಕಷ್ಟ. ಮೇಲುಕೋಟೆ ಇರುವ ಮಂಡ್ಯ ಜಿಲ್ಲೆಯಲ್ಲೇ ಕಂಬದಹಳ್ಳಿಯ ಜೈನ ಬಸದಿಗಳೂ ಇವೆ. ಜೈನರಿಗೂ ಆಗಮ, ಅಂದರೆ ಅವರ ಶಾಸ್ತ್ರ, ಪ್ರಮಾಣವೇ, ಆದರೆ ಸೃಷ್ಟಿಕರ್ತನಿಲ್ಲ. ಎರಡರಲ್ಲಿ ಯಾವುದು ಯಾವುದಕ್ಕೆ ಬಾಧಕ? ನನ್ನ ನಂಬಿಕೆ ನನಗೆ ಸಮರ್ಥನೀಯ ಎನ್ನುವಷ್ಟರ ಮಟ್ಟಿಗೆ ಸ್ವತಃಪ್ರಾಮಾಣ್ಯ ಬರುತ್ತದೆ. ಕಂಬದಹಳ್ಳಿಯವರದು ತಪ್ಪು ಎನ್ನಲು ಅದೊಂದೇ ಸಾಲದು.