ಮನೆಗೊಂದು ವೇಷ, ರಸ್ತೆಗೊಂದು ವೇಷ

ನಮ್ಮ ಭಾವ ಶಿರಸಿಯ ಮನೆ ಮಾರಲು ಹೊರಟು ಎರಡು ವರ್ಷವಾಯ್ತು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಮಂಗ ಕುಣಿದು ಒಡೆದ ಹೆಂಚು ಬದಲಿಸಲು ಪ್ರತಿ ವರ್ಷ ಆಳು ಹುಡುಕಿ ಹುಡುಕಿ ಭಾವನಿಗೂ ಸಾಕಾಗಿದೆ. ಮನೆ ನೋಡಿದವರೆಲ್ಲ ‘ಫೋನ್ ಮಾಡ್ತೇವೆ’ ಅಂದು ಹೋದವರೇ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದದ್ದು 2 ಆದಮೇಲಂತೂ, ಆ ಹೆಚ್ಚಿನ ಒಂದನ್ನು ಮನೆಯ ಬೆಲೆಯಲ್ಲೇ ಮುರಿದು ಕೇಳುತ್ತಾರೆ.

ಕೊನೆಗೆ ಸಣ್ಣ ಮಾಣಿ ಒಂದು ವಿಡಿಯೋ ಕಳಿಸಿದ. ಮಾರುವ ಮನೆಯನ್ನು ಸಿಂಗರಿಸಿ ತೋರಿಸಬೇಕಂತೆ. ಹೋಮ್ ಸ್ಟೇಜಿಂಗ್ ಅಂತ ಹೆಸರಂತೆ.

“ವೇಷ ಕಟ್ಟೂದು ಅನ್ನಲಿಕ್ಕೆ ಏನಾಗಿತ್ತು?” ಅಂದರು ಭಾವ. ಹೌದಲ್ಲ. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ ಕುಣಿಯುವ ಊರು ಇದು. ಯಕ್ಷಗಾನವಂತೂ ಇದ್ದೇ ಇದೆ.

ಬಜೆಟ್ ಹತ್ತು ಸಾವಿರ. ಹಾವಸೆ ಹಿಡಿದ ಚಿರೆಕಲ್ಲಿನ ಕಂಪೌಂಡಿಗೆ ಸುಣ್ಣ, ಅದೂ ರಸ್ತೆಗೆ ಕಾಣುವ ಬದಿಗೆ ಮಾತ್ರ. ಜಗಲಿಯ ಗೋಡೆಯ ಬಿರುಕಿಗೆ ಸೊಸೈಟಿಯ ಕ್ಯಾಲೆಂಡರ್. ಬಿರುಕು ಕ್ಯಾಲೆಂಡರಿಗಿಂತ ಒಂದು ಗೇಣು ಉದ್ದ ಇತ್ತು. ಕೆಳಗೆ ಹೋದ ವರ್ಷದ್ದನ್ನೂ ಹೊಡೆದರು. ಮನೆಯವರ ಫೋಟೋ ಕಾಣಬಾರದು ಅಂತ ವಿಡಿಯೋದಲ್ಲಿ ಹೇಳಿದ್ದಕ್ಕೆ ಮನೆ ಕಟ್ಟಿಸಿದ ಅಜ್ಜನೇ ಅಟ್ಟ ಹತ್ತಿದ. ಏಪ್ರಿಲ್‌ನಲ್ಲಿ ತಳ ಕಾಣುವ ಬಾವಿಗೆ ಹಿಂದಿನ ರಾತ್ರಿಯೇ ಒಂದು ಟ್ಯಾಂಕರ್ ನೀರು ಬಿತ್ತು.

ಒಳಗೆ ಬಂದವರಿಗೆ ಬಿಸ್ಕತ್ತು ಬೇಯುವ ಪರಿಮಳ ಬರಬೇಕಂತೆ. ಅಕ್ಕ ತೊಡದೇವು ಮಾಡಲು ಕೂತಳು. ಒಲೆಯ ಮೇಲೆ ಕವುಚಿ ಹಾಕಿದ ಮಡಕೆ. ಕಬ್ಬಿನ ಹಾಲಿನಲ್ಲಿ ಕಲಸಿದ ಹಿಟ್ಟಿಗೆ ಬಟ್ಟೆ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದೇ ಎಳೆತ. ಚುಂಯ್ ಅಂದು ಕಾಗದದಂಥ ಹಾಳೆ ಎದ್ದು ಬರುತ್ತದೆ, ಆರುವುದರೊಳಗೆ ಮಡಿಸಬೇಕು. ಹುಬ್ಬಳ್ಳಿಯಿಂದ ಬಂದ ಸಂಸಾರ ಹದಿನಾಲ್ಕು ತಿಂದಿತು. ಮನೆಯ ಬೆಲೆ ಕೇಳಲಿಲ್ಲ. ಮಡಕೆ ಎಲ್ಲಿ ಸಿಗ್ತದೆ ಅಂತ ಕೇಳಿತು.

ಉಳಿದದ್ದು ಗೇಟಿನ ಮುಂದಿನ ಹೊಂಡ. ಅದಕ್ಕೀಗ ನಾಲ್ಕು ವರ್ಷ, ಅಂಗನವಾಡಿಗೆ ಕಳಿಸುವ ಪ್ರಾಯ. ಭಾವ ಕೊಟ್ಟ ಅರ್ಜಿಗಳನ್ನು ತುಂಬಿದ್ದರೂ ಅದು ಮುಚ್ಚುತ್ತಿತ್ತು.

ಅಷ್ಟರಲ್ಲಿ ಪಕ್ಕದ ಬೀದಿಯ ಕಟ್ಟಡ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ ಅಂತ ಸುದ್ದಿ. ಎರಡೇ ರಾತ್ರಿ ನೋಡಿ. ರೋಲರ್ ಬಂತು, ಡಾಂಬರು ಬಂತು. ಸತ್ತೇ ಹೋಗಿದೆ ಅಂದುಕೊಂಡಿದ್ದ ಬೀದಿದೀಪ ಕಣ್ಣು ಬಿಟ್ಟಿತು. ಕಸದ ರಾಶಿ ಎಲ್ಲಿಗೆ ಹೋಯಿತೋ, ಅಲ್ಲಿನವರಿಗೇ ಗೊತ್ತು. ಟೆಂಪೋದಲ್ಲಿ ಹೂಕುಂಡಗಳು ಬಂದು ರಸ್ತೆಯ ಎರಡೂ ಬದಿ ಸಾಲಾಗಿ ನಿಂತವು. ಹತ್ತು ಸಾವಿರಕ್ಕೆ ಭಾವ ಮಾಡಿದ್ದು ಏನೂ ಅಲ್ಲ. ಸ್ಟೇಜಿಂಗ್ ಅಂದರೆ ಇದು! ಭಾವನ ಕಿಸೆಯಿಂದ ಹೋದದ್ದು ಸೊನ್ನೆ. (ತೆರಿಗೆ ಲೆಕ್ಕಕ್ಕಿಲ್ಲ. ಅದನ್ನು ಅವರು ಯಾವತ್ತೋ ಮರೆತಾಗಿದೆ.) ಕೂಡಲೇ ಗಿರಾಕಿಗೆ ಫೋನ್ ಮಾಡಿದರು: “ಶುಕ್ರವಾರವೇ ಬನ್ನಿ. ಶನಿವಾರ ಬೇಡ.” ಶನಿವಾರ ಕುಂಡಗಳು ನರ್ಸರಿಗೆ ವಾಪಸ್.

ಒಂದೇ ಎಡವಟ್ಟು. ಮಂತ್ರಿಗಳ ಕಾರು ತಿರುಗುವಲ್ಲಿಗೆ ಡಾಂಬರು ನಿಂತಿತ್ತು. ಅಲ್ಲಿಂದ ಭಾವನ ಗೇಟಿಗೆ ಮೂರೇ ಮಾರು. ಹೊಂಡ ಬದುಕಿಕೊಂಡಿತು. ಭಾವ ಬೆಳಗಿನ ಜಾವ ಎದ್ದು ನಾಲ್ಕು ಕುಂಡ ಎತ್ತಿ ತಂದು ಹೊಂಡದ ಸುತ್ತ ಇಟ್ಟರು. ನೋಡಿದರೆ ಉದ್ಯಾನ.

ಗಿರಾಕಿ ಬಂದರು. ರಸ್ತೆ ಕೆಲಸ ಮಾಡಿಸುತ್ತಲೇ ನಿವೃತ್ತರಾದ ಸರ್ಕಾರಿ ನೌಕರರಂತೆ. ಕಾರಿಳಿದು ಚಪ್ಪಲಿಯ ತುದಿಯಲ್ಲಿ ಡಾಂಬರು ಕೆದಕಿದರು. ಜಲ್ಲಿ ಎದ್ದು ಬಂತು. “ಯಾವ ಮಂತ್ರಿ?” ಅಂತ ಕೇಳಿದರು. ಬಾವಿಗೆ ಬಗ್ಗಿ, “ಟ್ಯಾಂಕರ್ ಎಷ್ಟು ಲೀಟರಿಂದು?” ಅಂದರು. ಜಗಲಿಗೆ ಬಂದವರೇ ಎರಡೂ ಕ್ಯಾಲೆಂಡರ್ ಎತ್ತಿ ನೋಡಿ, ಹಾಗೇ ಮೆಲ್ಲಗೆ ಬಿಟ್ಟರು. ಬೇಸರವೇನೂ ಇಲ್ಲ. ನಿಧಾನಕ್ಕೆ ತೊಡದೇವು ತಿಂದು ಮುಗಿಸಿ, ಹೊರಡುವಾಗ ಹೊಂಡದ ಹತ್ತಿರ ನಿಂತರು.

“ಕುಂಡ ಇಟ್ಟದ್ದು ಚೆನ್ನಾಗಿದೆ ಭಟ್ರೇ. ನಮ್ಮ ಕಾಲದಲ್ಲಿ ಇದು ಹೊಳೆದಿರಲಿಲ್ಲ.”

ಫೋನ್ ಮಾಡ್ತೇನೆ ಅಂದು ಹೋದರು.

ಈಗ ಭಾವ ಮನೆಯಲ್ಲಿ ಸತ್ಯನಾರಾಯಣ ಕಥೆ ಇಟ್ಟುಕೊಂಡಿದ್ದಾರೆ. ಮಂತ್ರಿಗಳು ಪ್ರಸಾದಕ್ಕೆ ಬರುತ್ತಾರೆ ಅಂತ ಕರೆಯೋಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದಾರೆ. ಮಂತ್ರಿಗಳಿಗೆ ಇನ್ನೂ ಹೇಳಿಲ್ಲ. ನಿನ್ನೆ ಬೆಳಿಗ್ಗೆ ಇಬ್ಬರು ಟೇಪು ಹಿಡಿದು ಬಂದು, ಗೇಟಿನವರೆಗೆ ಅಳತೆ ತೆಗೆದುಕೊಂಡು ಹೋದರು.