ಸಕ್ಕರೆರಹಿತ ಸ್ಪರ್ಧೆ: ಅತಿ ಸಿಹಿಗೆ ಮೊದಲ ಬಹುಮಾನ

ನವೆಂಬರ್ 14 ನೆಹರೂ ಹುಟ್ಟಿದ ದಿನ, ಇಸವಿ 1889. ಎರಡು ವರ್ಷದ ಮೇಲೆ ಅದೇ ತಾರೀಖಿಗೆ ಕೆನಡಾದ ಒಂದು ರೈತರ ಮನೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ಇನ್ಸುಲಿನ್ ಕಂಡುಹಿಡಿದವರಲ್ಲಿ ಮುಖ್ಯರು, 1923ರಲ್ಲಿ ನೊಬೆಲ್ ಪಡೆದವರು. ಹೀಗಾಗಿ ಜಗತ್ತಿಗೆಲ್ಲ ಅದು ಮಧುಮೇಹ ದಿನ. ನಮಗೆ ಅದರ ಜೊತೆಗೆ ಮಕ್ಕಳ ದಿನವೂ ಹೌದು. ಯಾರ ತಪ್ಪೂ ಅಲ್ಲ, ಹುಟ್ಟಿನ ತಾರೀಖು ಯಾರ ಕೈಯಲ್ಲಿದೆ? ಆದರೆ ಎರಡನ್ನೂ ಒಂದೇ ಪೆಂಡಾಲಿನಲ್ಲಿ, ಒಂದೇ ಬ್ಯಾನರಿನ ಕೆಳಗೆ, ಒಂದೇ ಖರ್ಚಿನಲ್ಲಿ ಮುಗಿಸುವ ಜಾಣತನ ಮಾತ್ರ ಅಪ್ಪಟ ನಮ್ಮದು.

2024ರಲ್ಲಿ ಕೊಪ್ಪಳದ ಒಂದು ಸಂಘಕ್ಕೆ ಈ ಜಾಣತನ ಹೊಳೆಯಿತು. ಬೆಳಿಗ್ಗೆ ಜಾಥಾ. ಜವಾಹರ ರಸ್ತೆಯುದ್ದಕ್ಕೂ ಮಕ್ಕಳು ‘ಸಕ್ಕರೆ ಬಿಡಿ, ಆರೋಗ್ಯ ಪಡಿ’ ಎಂದು ಕೂಗುತ್ತ ನಡೆದರು. ಕೂಗಿ ಕೂಗಿ ಗಂಟಲು ಒಣಗಿದ ಮಕ್ಕಳಿಗೆ ಜಾಥಾ ಮುಗಿದ ಕೂಡಲೇ ತಲಾ ಒಂದು ಚಾಕೊಲೇಟು, ಒಂದು ಪ್ಯಾಕೆಟ್ ಮಾವಿನ ಜ್ಯೂಸು. ಮಕ್ಕಳ ದಿನ ಬರಿಗೈಲಿ ಕಳಿಸಿದರೆ ಏನು ಚೆಂದ? ಎರಡನೇ ಇಯತ್ತೆ ಹುಡುಗನೊಬ್ಬ ಫಲಕವನ್ನು ಕಂಕುಳಲ್ಲಿ ಸಿಗಿಸಿಕೊಂಡು ಜ್ಯೂಸಿನ ಪ್ಯಾಕೆಟ್ಟಿಗೆ ಕೊಳವೆ ಚುಚ್ಚುತ್ತಿದ್ದ. ಫಲಕದ ಮೇಲೆ ‘ಸಕ್ಕರೆ ಬಿಳಿ ವಿಷ’ ಅಂತ ಇತ್ತು. ಜ್ಯೂಸಿನ ಬಣ್ಣ ಹಳದಿ. ಅವನ ಮಟ್ಟಿಗೆ ಎಲ್ಲವೂ ತಾಳೆಯಾಗುತ್ತಿತ್ತು. ಮರುವರ್ಷ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು: ಯಾವ ತಿನಿಸಿನಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಡಗಿದೆ ಅಂತ ಮಕ್ಕಳಿಗೆ ತೋರಿಸುವ ಫಲಕ. ಆದರೆ ಈ ಹುಡುಗನದು ಸರ್ಕಾರಿ ಕನ್ನಡ ಶಾಲೆ. ಅವನ ಪಾಲಿಗೆ ಆ ಕಂಕುಳಿನ ಫಲಕವೇ ಗತಿ.

ವೇದಿಕೆಯ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಥದ್ದು ಒಂದನ್ನು ನೋಡಿದವರು ಎಲ್ಲವನ್ನೂ ನೋಡಿದ ಹಾಗೆಯೇ. ಮುಖ್ಯ ಅತಿಥಿಗಳು ‘ಭಾರತ ಮಧುಮೇಹದ ರಾಜಧಾನಿ’ ಎಂದು ಘೋಷಿಸಿದರು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲಾ ಕೇಂದ್ರವಾದಾಗಲೂ ಯಾರ ದನಿಯಲ್ಲೂ ಇಷ್ಟು ಹೆಮ್ಮೆ ಇದ್ದಿರಲಿಕ್ಕಿಲ್ಲ. ಐಸಿಎಂಆರ್‌ನ 2023ರ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಶಾಲು, ಹಾರ, ಪೇಡೆಯ ಡಬ್ಬಿ. ಮುಗಿಯಿತು.

ನಿಜವಾದ ಗಮ್ಮತ್ತು ಮಧ್ಯಾಹ್ನದ್ದು. ‘ಸಕ್ಕರೆರಹಿತ ಅಡುಗೆ ಮತ್ತು ಬೇಕಿಂಗ್ ಸ್ಪರ್ಧೆ’, ಮಹಿಳೆಯರಿಗೆ ಮಾತ್ರ. (ಸಕ್ಕರೆ ಕಾಯಿಲೆ ಗಂಡಸರಿಗೂ ಬರುತ್ತದೆ, ಆದರೆ ಅದಕ್ಕೆ ಅಡುಗೆ ಮಾಡುವ ಹೊಣೆ ಯಾರದ್ದೆಂದು ಸಂಘಕ್ಕೆ ಗೊತ್ತಿತ್ತು.) ನಿಯಮ ಒಂದೇ: ಸಕ್ಕರೆ ಹಾಕುವಂತಿಲ್ಲ. ತೀರ್ಪುಗಾರರು ಮೂವರು. ಒಬ್ಬರು ಬೇಕರಿ ಮಾಲೀಕರು, ಒಬ್ಬರು ಯೋಗ ಹೇಳಿಕೊಡುವವರು, ಇನ್ನೊಬ್ಬರು ನಿವೃತ್ತ ಅಧಿಕಾರಿ. ಈ ಮೂರನೆಯವರಿಗೆ ಸ್ವತಃ ಶುಗರ್ ಇತ್ತು. ‘ಸಕ್ರಿ ಇಲ್ಲಂದಮ್ಯಾಲೆ ನನಗೇನ್ ಪಥ್ಯ?’ ಎಂದು ಚಮಚದ ಬದಲು ತಟ್ಟೆಯನ್ನೇ ಕೇಳಿ ಪಡೆದರು.

ಮೊದಲ ಟೇಬಲಿನ ಮೇಲೆ ಖರ್ಜೂರದ ಕೇಕು. ಕಾರ್ಡಿನ ಮೇಲೆ ಚೆಂದದ ಅಕ್ಷರದಲ್ಲಿ ‘ಮೈದಾ ಇಲ್ಲ, ಮೊಟ್ಟೆ ಇಲ್ಲ, ಸಕ್ಕರೆ ಇಲ್ಲ’. ಮನೆಯಲ್ಲೇ ಕೇಕು ಮಾಡಿ ಮಾರುವ ಹೆಣ್ಣುಮಗಳು, ಮಾತು ಚುರುಕು. ಏನೇನು ಹಾಕಿದ್ದೀರಿ ಅಂದರೆ ಕಾಲು ಕಿಲೋ ಖರ್ಜೂರ, 100 ಗ್ರಾಂ ಜೇನು, ಅರ್ಧ ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಅಂದಳು.

‘ಆ ಡಬ್ಬಿ ಹಾಲಿನ್ಯಾಗ ಸಕ್ರಿ ಇರ್ತೈತಲ್ಲಮ್ಮಾ?’ ಬೇಕರಿಯವರು ಮೆಲ್ಲಗೆ ಕೇಳಿದರು.

‘ಅದು ಕಂಪನಿಯವ್ರು ಹಾಕಿದ್ದು ಸರ. ನಾ ಹಾಕಿಲ್ಲ.’

ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿದರು. ನಿಯಮದಲ್ಲಿ ಇದ್ದದ್ದು ‘ಹಾಕುವಂತಿಲ್ಲ’ ಅಂತ, ‘ಇರುವಂತಿಲ್ಲ’ ಅಂತ ಅಲ್ಲ.

ಕುಂತಲ್ಲೇ ಒಂದು ಲೆಕ್ಕ ಹಾಕೋಣ. ಜೇನಿನ ತೂಕದಲ್ಲಿ ಐದನೇ ನಾಲ್ಕು ಪಾಲು ಸಕ್ಕರೆಯೇ. ಅಲ್ಲಿಗೆ 80 ಗ್ರಾಂ. ಡಬ್ಬಿ ಹಾಲಿನಲ್ಲಿ ಅರ್ಧದಷ್ಟು. 200 ಗ್ರಾಂ ಹಾಲಿಗೆ 100. ಖರ್ಜೂರದಲ್ಲಿ ನಾರಿದೆ, ಒಳ್ಳೆಯದೇ, ಇಡೀ ಹಣ್ಣಾಗಿ ಎರಡು ತಿಂದರೆ ಯಾರ ತಕರಾರೂ ಇಲ್ಲ. ಆದರೆ ಅದರ ತೂಕದಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಎಲ್ಲ ಕೂಡಿಸಿದರೆ 300 ದಾಟುತ್ತದೆ. ಅಷ್ಟೇ ದೊಡ್ಡ ಮಾಮೂಲಿ ಕೇಕಿಗೆ ಹಾಕುವುದು 200 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ: ಮಿತಿಯಲ್ಲಿಡಬೇಕಾದ ಸಕ್ಕರೆಯಲ್ಲಿ ಜೇನು, ಪಾಕ, ಹಣ್ಣಿನ ರಸ ಎಲ್ಲವೂ ಸೇರುತ್ತವೆ, ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ, ಅಂದರೆ ಆರು ಟೀ ಚಮಚ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದೂ ಹೆಚ್ಚು ಕಡಿಮೆ ಅಷ್ಟೇ. ಆ ಕೇಕಿನ ಒಂದು ತುಂಡಿಗೆ ಒಂದು ದಿನದ ಕೋಟಾ ಖಲಾಸ್. ಆದರೆ ಕಾರ್ಡಿನ ಮೇಲೆ ‘ಸಕ್ಕರೆ ಇಲ್ಲ’ ಅಂತ ಬರೆದಾಗಿದೆಯಲ್ಲ, ನಾಲಿಗೆಗೆ ಓದು ಬರುತ್ತದೆ, ರಕ್ತಕ್ಕೆ ಬರುವುದಿಲ್ಲ.

ಎರಡನೇ ಟೇಬಲಿನಿಂದ ಆರನೆಯದರ ತನಕ ಬೆಲ್ಲದ ಸಾಮ್ರಾಜ್ಯ. ಮಾದಲಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗೋದಿ ಹುಗ್ಗಿ, ಅಂಟಿನ ಉಂಡೆ. ನಮ್ಮ ಸೀಮೆಯಲ್ಲಿ ಬೆಲ್ಲದ ಮೇಲೆ ಸಂಶಯಪಡುವುದು ಅಜ್ಜಿಯ ಮೇಲೆ ಸಂಶಯಪಟ್ಟಷ್ಟೇ ದೊಡ್ಡ ಅಪರಾಧ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ ಇದ್ದರೆ ಬೆಲ್ಲದಲ್ಲಿ 380ರ ಆಸುಪಾಸು. ಬಹುಪಾಲು ಅದೇ ಸುಕ್ರೋಸು, ಅಂದರೆ ಸಕ್ಕರೆಯೇ. ಇದನ್ನು ಹೇಳಿದರೆ ಉತ್ತರ ಸಿದ್ಧವಿದೆ: ‘ಬೆಲ್ಲದಾಗ ಕಬ್ಬಿಣ ಐತ್ರೀ.’ ಇದೆ, ಒಂದಿಷ್ಟು. ಆದರೆ ದಿನಕ್ಕೆ ಬೇಕಾದ ಕಬ್ಬಿಣವನ್ನು ಬೆಲ್ಲದಿಂದಲೇ ಗಳಿಸುತ್ತೇನೆಂದು ಹೊರಟವನು ಮೊದಲು ಮಧುಮೇಹವನ್ನು ಗಳಿಸುತ್ತಾನೆ. ಅಷ್ಟಕ್ಕೂ ಕೊಪ್ಪಳದವರಿಗೆ ಕಬ್ಬಿಣದ ಚಿಂತೆ ಯಾಕೆ? ಗಿಣಿಗೇರಿ ಕಡೆ ಹೋಗಿ ಬಾಯಿ ತೆರೆದು ನಿಂತರೆ ಸಾಕು, ಕಾರ್ಖಾನೆಗಳ ಕಪ್ಪು ಧೂಳು ಪುಕ್ಕಟೆ. ಬಿಳಿ ವಿಷಕ್ಕೆ ಜಾಥಾ ಮಾಡಿದ ಸಂಘ ಈ ಕಪ್ಪಿನ ಬಗ್ಗೆ ಸೊಲ್ಲೆತ್ತಲಿಲ್ಲ. ಪೆಂಡಾಲಿನ ಖರ್ಚು ಯಾರದ್ದೆಂದು ನಾನೂ ಕೇಳಲು ಹೋಗಲಿಲ್ಲ.

ಏಳನೇ ಟೇಬಲಿನ ಹೆಣ್ಣುಮಗಳು ಮಾತ್ರ ನಿಯಮವನ್ನು ನಂಬಿ ಕೆಟ್ಟಳು. ನಿಜವಾಗಿಯೂ ಸಿಹಿಯ ಯಾವ ಪದಾರ್ಥವನ್ನೂ ಹಾಕದೆ ಕೇಕು ಮಾಡಿದ್ದಳು. ಮೇಲೆ ಬಾದಾಮಿ, ಪಿಸ್ತಾ ಜೋಡಿಸಿ, ಬೀಟ್‌ರೂಟಿನ ಬಣ್ಣದ ಗೆರೆ ಎಳೆದು, ನೋಡಲು ಕಿನ್ನಾಳದ ಕಟ್ಟಿಗೆಯ ಗೊಂಬೆಯ ಹಾಗಿತ್ತು. ಹಲ್ಲಿಗೂ ಹಾಗೆಯೇ ಇತ್ತು. ಪಕ್ಕದವಳ ಶಿರಾ ಇನ್ನೊಂದು ದುರಂತ. ರವೆ ಬೇಯುವಾಗಲೇ ಸಕ್ಕರೆಯ ಬದಲಿಗೆ ಆಸ್ಪರ್ಟೇಮ್ ಎಂಬ ಸಿಹಿ ಗುಳಿಗೆ ಹಾಕಿದ್ದಾಳೆ. ಅದು ಬಿಸಿಗೆ ಸಿಹಿ ಕಳೆದುಕೊಳ್ಳುವ ಜಾತಿ. ಸಪ್ಪೆಯಾಯಿತೆಂದು ಮತ್ತೆ ನಾಲ್ಕು, ಮತ್ತೆ ನಾಲ್ಕು. ಕೊನೆಗೆ ಗುಳಿಗೆ ಡಬ್ಬಿ ಬರಿದಾಯಿತೇ ಹೊರತು ಶಿರಾ ಸಪ್ಪೆಯೇ ಉಳಿಯಿತು. ತೂಕ ಇಳಿಸಲು ಇಂಥ ಬದಲಿ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು. ಈಗಾಗಲೇ ಮಧುಮೇಹ ಇದ್ದವರಿಗೆ ಆ ಸಲಹೆ ಅಲ್ಲ, ಉಳಿದವರಿಗೆ. ಆದರೆ ಸಂಸ್ಥೆ ಹೇಳಿದ್ದನ್ನೆಲ್ಲ ಓದುತ್ತ ಕೂತರೆ ಶಿರಾ ತಿರುವುವವರು ಯಾರು? ಇಬ್ಬರಿಗೂ ಸೊನ್ನೆ.

ಕೊನೆಯ ಟೇಬಲಿಗೆ ಬಂದಾಗ ತೀರ್ಪುಗಾರರ ಹೊಟ್ಟೆ ತುಂಬಿತ್ತು. ಭಾಗ್ಯನಗರದ ಒಬ್ಬ ಅಕ್ಕ. ಸಾದಾ ಏಲಕ್ಕಿ ಕೇಕು, ಒಂದು ಬಟ್ಟಲು ಶಿರಾ, ನಾಲ್ಕು ಹೋಳಿಗೆ. ನಿವೃತ್ತ ಅಧಿಕಾರಿಗಳು ಕೇಕಿನ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

‘ಭಾಳ ಛಲೋ ಆಗೇತಲ್ಲಮ್ಮಾ. ಏನ್ ಹಾಕಿ?’

‘ಸಕ್ರೀನ ಹಾಕೇನ್ರಿ. 200 ಗ್ರಾಂ ಹಾಕೋದು, 140 ಹಾಕೇನಿ.’

ಸಭೆ ಸ್ತಬ್ಧ. ಸಂಘದ ಕಾರ್ಯದರ್ಶಿ ಓಡಿ ಬಂದರು. ‘ಸಕ್ರಿ ಹಾಕೀರಾ? ಸ್ಪರ್ಧಾದ ಹೆಸರು ಓದಿಲ್ಲೇನ್ರೀ ಅಕ್ಕಾರ?’

‘ಓದೇನ್ರಿ. ಆದ್ರ ಸಕ್ರಿ ಬರೇ ಸೀ ಮಾಡಾಕಲ್ರಿ. ಕೇಕಿಗೆ ಹಸಿ ಹಿಡಿಯೋದು ಅದ, ಮೆತ್ತಗ ಮಾಡೋದು ಅದ, ಮ್ಯಾಲೆ ಕೆಂಪು ಬಣ್ಣ ಬರೋದೂ ಅದರಿಂದನ. ಪೂರಾ ತಗದ್ರ ಆ ಏಳನೇ ಟೇಬಲ್ ಆಕ್ಕೈತಿ. ಮೂರ್‍ನೇ ಒಂದ್ ಪಾಲು ಕಮ್ಮಿ ಮಾಡಿದ್ರ ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ. ಏಲಕ್ಕಿ, ಚಿಟಿಕೆ ಉಪ್ಪು ಹಾಕಿದ್ರ ಇದ್ದ ಸೀನ ಎದ್ದು ಕಾಣ್ತೈತಿ.’

ಅಷ್ಟಕ್ಕೇ ಬಿಡಲಿಲ್ಲ. ಶಿರಾಕ್ಕೆ ರವೆಯಷ್ಟೇ ಸಕ್ಕರೆ ಹಾಕುವ ಕಡೆ ಅರ್ಧ ಹಾಕಿದರೂ ನಡೆಯುತ್ತದೆ, ಹೂರಣಕ್ಕೆ ಬೇಳೆಯ ಮುಕ್ಕಾಲು ಬೆಲ್ಲ ಸಾಕು, ಆದರೆ ಮೈಸೂರುಪಾಕಿಗೆ, ಪಾಕ ಹಿಡಿದು ಕಟ್ಟುವ ಉಂಡೆಗೆ ಕೈ ಹಚ್ಚಬಾರದು, ಅಲ್ಲಿ ಪಾಕವೇ ಗೋಡೆ ನಿಲ್ಲಿಸುವುದು. ಅವನ್ನು ಕಮ್ಮಿ ಸಕ್ಕರೆಯಲ್ಲಿ ಮಾಡುವುದಕ್ಕಿಂತ ಕಮ್ಮಿ ಸಲ ಮಾಡುವುದು ಲೇಸು ಅಂದಳು. ಆ ದಿನ ಪೆಂಡಾಲಿನಲ್ಲಿ ಕೇಳಿಬಂದ ಉಪಯೋಗದ ಮಾತು ಅದೊಂದೇ. ಮೈಕು ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿತ್ತು.

ನಿಯಮಬಾಹಿರ ಎಂದು ಅವಳನ್ನು ಹೊರಗಿಟ್ಟರು. ಅಂಕಪಟ್ಟಿಯ ಕಲಮುಗಳನ್ನು ನಾನು ಇಣುಕಿ ನೋಡಿದೆ: ಅಂದ 10, ಹೊಸತನ 10, ಸಿಹಿ 30. ಅತಿ ಹೆಚ್ಚು ಸಿಹಿ ಇದ್ದ ಖರ್ಜೂರದ ಕೇಕಿಗೆ ಮೊದಲ ಬಹುಮಾನ. ಅಡುಗೆಮನೆಗೆ ಸ್ಟೀಲಿನ ಡಬ್ಬಿಗಳ ಸೆಟ್ಟು; ಮೇಲೆ ಚಹಾ, ಕಾಫಿ, ಬೇಳೆ, ಸಕ್ಕರೆ ಎಂದು ಹೆಸರು ಕೊರೆದಿದ್ದವು. ದೊಡ್ಡ ಡಬ್ಬಿ ಯಾವುದಕ್ಕೆ ಮೀಸಲಾಗಿತ್ತು ಅಂತ ಹೇಳಬೇಕಿಲ್ಲ.

ಬಹುಮಾನ ಬಂದಮೇಲೆ ಧೈರ್ಯ ತಾನಾಗಿ ಬರುತ್ತದೆ. ಆ ವರ್ಷ ಮರುದಿನ, ನವೆಂಬರ್ 15ಕ್ಕೆ, ಗೌರಿ ಹುಣ್ಣಿಮೆ. ನಮ್ಮ ಕಡೆ ಗೌರಿ ಹುಣ್ಣಿಮೆಯೆಂದರೆ ಸಕ್ಕರೆ ಆರತಿ. ಪಾಕ ಕುದಿಸಿ, ಚೂರು ಹಾಲು ಬಿಟ್ಟು ಕಸ ತೆಗೆದು, ಎಳೆ ಬಂದಮೇಲೆ ಪಾತ್ರೆಯ ಮೈಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ನೀರಲ್ಲಿ ನೆನೆಸಿಟ್ಟ ಕಟ್ಟಿಗೆಯ ಅಚ್ಚಿಗೆ ಸುರಿದು ದಾರದಿಂದ ಬಿಗಿಯುತ್ತಾರೆ. ಬಿಚ್ಚಿದರೆ ಆನೆ, ಕುದುರೆ, ಒಂಟೆ, ನವಿಲು, ತೇರು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಇವೂ ಬರಬೇಕು. ಈ ಗೊಂಬೆಗಳಲ್ಲಿ ಸಕ್ಕರೆ ಬಿಟ್ಟರೆ ಬೇರೇನೂ ಇಲ್ಲ. ಸಕ್ಕರೆ ತೆಗೆದರೆ ಉಳಿಯುವುದು ಅಚ್ಚು ಮತ್ತು ದಾರ.

ನಮ್ಮ ವಿಜೇತೆ ಅದನ್ನೂ ತೆಗೆದಳು. ‘ಶುಗರ್ ಫ್ರೀ ಸಕ್ಕರೆ ಆರತಿ’ ಎಂದು ವಾಟ್ಸ್‌ಆ್ಯಪಿನಲ್ಲಿ ಹಾಕಿ, ಐಸೊಮಾಲ್ಟ್ ಎಂಬ ಬದಲಿ ಸಿಹಿಯ ಪುಡಿ ತರಿಸಿ ಗೊಂಬೆ ಎರೆದಳು. ದರ ಮಾಮೂಲಿಗಿಂತ ನಾಲ್ಕು ಪಟ್ಟು. ಐಸೊಮಾಲ್ಟು ಪಾಲಿಯಾಲ್ ಎಂಬ ಕುಲದ್ದು. ಹೆಚ್ಚು ತಿಂದರೆ ಭೇದಿಯಾಗಬಹುದು. ತಂದ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆಯೂ ಇತ್ತು, ಕುದುರೆಯ ಮೇಲೆ ಎಲ್ಲಿ ಬರೆಯುವುದು? ಕೊಂಡೊಯ್ದ ಒಂದು ಮನೆಯಲ್ಲಿ ಚಿಕ್ಕವನೊಬ್ಬ ಎರಡು ಕುದುರೆ, ಒಂದು ಒಂಟೆ ತಿಂದು ರಾತ್ರಿಯಿಡೀ ಅವುಗಳ ವೇಗದಲ್ಲೇ ಓಡಾಡಿದ.

ಇನ್ನೊಂದು ಮನೆಯ ಗಂಡಿನ ತಾಯಿ ಇದೇ ಆರತಿಯನ್ನು ಬೀಗರಿಗೆ ಕಳಿಸಿದ್ದರು. ಹುಣ್ಣಿಮೆಯ ಸಂಜೆಗೇ ಹುಡುಗಿಯ ತಾಯಿಯ ಫೋನು.

‘ಅಕ್ಕಾರ, ಆರತಿ ಬಂದು ಮುಟ್ಟಿತ್ರಿ. ಆನಿ, ಕುದುರಿ ಛಲೋ ಅದಾವ. ಆದ್ರ ಅದರಾಗ ಸಕ್ರೀನ ಇಲ್ಲಂತಲ್ರೀ?’

‘ಆರೋಗ್ಯಕ್ಕ ಒಳ್ಳೇದಂತ ಭಾಳ ರೊಕ್ಕ ಕೊಟ್ಟು ತರ್ಸೀವ್ರಿ ಅಕ್ಕಾರ.’

‘ಯಾರ ಆರೋಗ್ಯಕ್ರೀ? ನಮ್ಮ ಹುಡುಗಿಗೆ ಶುಗರ್ ಐತಂತ ನಿಮಗ ಯಾರ್ ಹೇಳ್ಯಾರ?’

ಎರಡೂ ಕಡೆಯ ಹಿರಿಯರು ಕೂತು ಬಗೆಹರಿಸಬೇಕಾಯಿತು. ಗಂಡಿನ ಮನೆಯಿಂದ ಅಸಲಿ ಸಕ್ಕರೆಯ ಎರಡು ಕಿಲೋ ಆನೆ, ಕುದುರೆ ಮತ್ತೆ ಬಂದವು. ಜೊತೆಗೆ ದಂಡಕ್ಕೆ ಒಂದು ಸೀರೆ. ಹುಡುಗಿಯ ಕಡೆಯವರು ಸುಮ್ಮನಿರಲಾರದೆ ಅವಳ ರಕ್ತಪರೀಕ್ಷೆ ಮಾಡಿಸಿ ಚೀಟಿ ಕಳಿಸಿದರು: ಬರಿಹೊಟ್ಟೆಯಲ್ಲಿ 92. ವರನ ಚೀಟಿ ಇನ್ನೂ ಬಂದಿಲ್ಲ.