ಮಣಿಕಟ್ಟಿನ ಮಹಾಚುನಾವಣೆ

ಮತ್ತೊಂದು ಮೆಸೇಜು ಬಂತು. ಸಾಲಾಗಿ ಆರು ಹಚ್ಚೆ ಚಿತ್ರ, ಒಂದೊಂದಕ್ಕೂ ನಂಬರು, ಕೆಳಗೊಂದು ಒಕ್ಕಣೆ: ‘ಇದ್ರಲ್ಲಿ ಯಾವ್ದು ನೋಡಿದ್ರೆ ನಾನೇ ಅನ್ಸುತ್ತೆ? ಬೇಗ ಹೇಳಿ, ಶನಿವಾರ ಹಾಕಿಸ್ಕೊಳ್ತಿದೀನಿ.’ ನಿಮಗೂ ಬಂದಿರುತ್ತದೆ, ಬಿಡಿ. ಕೈಯಲ್ಲಿ ಮೊಬೈಲು ಹಿಡಿದ ಪ್ರತಿ ಪ್ರಜೆಗೂ ಈಗ ಯಾರಾದರೊಬ್ಬರ ಮಣಿಕಟ್ಟಿನ ಮೇಲೆ ಮತ ಹಾಕುವ ಹಕ್ಕು ದಕ್ಕಿದೆ. ‘ನನ್ನೊಳಗಿನ ನಾನು’ ಎಂಬ ಪರಮ ಖಾಸಗಿ ವಸ್ತುವನ್ನು ಬಹುಮತದಿಂದ ತೀರ್ಮಾನಿಸುವ ಈ ಪದ್ಧತಿ ಕಂಡುಹಿಡಿದವರಿಗೆ ಒಂದು ದೊಡ್ಡ ಪ್ರಶಸ್ತಿ ಸಲ್ಲಲೇಬೇಕು. ಒಬ್ಬರು ಮೂರನೆಯದು ಅನ್ನುತ್ತಾರೆ. ಇನ್ನೊಬ್ಬರು ಮೂರರ ಹಕ್ಕಿ ತೆಗೆದು ಐದರ ಚಂದ್ರನನ್ನು ಕೂರಿಸಿ ಅನ್ನುತ್ತಾರೆ. ಸೋದರತ್ತೆ ಮಾತ್ರ ‘ಏನೂ ಬೇಡ, ಕೈ ಹಾಗೇ ಚೆನ್ನಾಗಿದೆ’ ಎಂದು ಕುಲಗೆಟ್ಟ ಮತ ಚಲಾಯಿಸುತ್ತಾರೆ. ಕಡೆಗೆ ಗೆಲ್ಲುವುದು ಸಮ್ಮಿಶ್ರ ಸರ್ಕಾರ: ಅರ್ಧ ಗರಿ, ಅರ್ಧ ಚಂದ್ರ, ಮಧ್ಯೆ ಯಾರಿಗೂ ಬೇಡವಾಗಿದ್ದ ಒಂದು ನಕ್ಷತ್ರ.

ಅಭ್ಯರ್ಥಿಗಳೂ ಗೊತ್ತಿದ್ದವರೇ. ಮಲಗಿದ ಎಂಟಿನಂಥ ಅನಂತದ ಚಿಹ್ನೆ, ಅದರ ಒಂದು ತುದಿ ಗರಿಯಾಗಿ, ಗರಿ ಒಡೆದು ಹಕ್ಕಿಗಳಾಗಿ ಹಾರುವುದು. ಬರೀ ಗೆರೆಯ ಕಮಲ. ದಿಕ್ಸೂಚಿ. ಚಿಟ್ಟೆ. ಹಾಕಿಸಿಕೊಳ್ಳುವವರಿಗೇ ಓದಲು ಬಾರದ ಯಾವುದೋ ಲಿಪಿಯ ಒಂದು ಶಬ್ದ. ರೋಮನ್ ಅಂಕಿಯಲ್ಲಿ ಹುಟ್ಟಿದ ತಾರೀಖು. ಇದರಲ್ಲಿ ಮಹಾ ಅನ್ಯಾಯವಿದೆ, ಯಾರೂ ದನಿ ಎತ್ತಿಲ್ಲ. 2000ದಲ್ಲಿ ಹುಟ್ಟಿದವರಿಗೆ ವರ್ಷ ಎರಡೇ ಅಕ್ಷರದಲ್ಲಿ ಮುಗಿಯುತ್ತದೆ, ಎಂ ಎಂ. 1988ರವರಿಗೆ ಹನ್ನೊಂದು ಅಕ್ಷರ ಬೇಕು. ದಿನ, ತಿಂಗಳು ಸೇರಿದರೆ ಮಣಿಕಟ್ಟು ಸಾಲದೆ ಪಕ್ಕದವರ ಕೈ ಕೇಳಬೇಕಾಗುತ್ತದೆ.

ಹಿಂದೆ ಈ ಡಿಸೈನುಗಳು ಹಚ್ಚೆ ಅಂಗಡಿಯ ಗೋಡೆಗೆ ಹಾಳೆ ಹಾಳೆಯಾಗಿ ಅಂಟಿಕೊಂಡಿರುತ್ತಿದ್ದವು. ಫ್ಲ್ಯಾಶ್ ಅನ್ನುತ್ತಿದ್ದರು. ಬಂದವರು ‘ಇದು’ ಅಂತ ಬೆರಳಿಟ್ಟು, ಹಾಕಿಸಿಕೊಂಡು, ಎದ್ದು ಹೋಗುತ್ತಿದ್ದರು. ನಾವಿಕರ ಲೆಕ್ಕ ಇನ್ನೂ ಚೊಕ್ಕ: ಒಂದು ಸ್ವಾಲೋ ಹಕ್ಕಿ ಅಂದರೆ 5,000 ನಾಟಿಕಲ್ ಮೈಲಿ ಕಡಲು ದಾಟಿದ್ದಾನೆ ಅಂತ. ಈಗಿನ ಮಣಿಕಟ್ಟುಗಳ ಮೇಲೆ ಹಿಂಡುಗಟ್ಟಲೆ ಹಕ್ಕಿ ಹಾರುತ್ತಿವೆ. ದಾಟಿದ್ದು ಏನನ್ನು ಅಂತ ಕೇಳಿದರೆ ‘ನನ್ನ ಕಂಫರ್ಟ್ ಝೋನು’ ಅನ್ನುತ್ತಾರೆ. ಗೋಡೆಯ ಹಾಳೆ ಹೋಗಿ ಈಗ ಎಐ ಬಂದಿದೆ. ‘ಯಾರ ಹತ್ರಾನೂ ಇಲ್ದಿರೋದು ಬೇಕು’ ಎಂದು ಎಲ್ಲರೂ ಒಂದೇ ಯಂತ್ರವನ್ನು ಕೇಳುತ್ತಿದ್ದಾರೆ. ಅದೂ ಪಾಪ ಎಲ್ಲರಿಗೂ ಅದೇ ಗರಿ, ಅದೇ ಹಕ್ಕಿ ಬಿಡಿಸಿ ಕೊಡುತ್ತಿದೆ.

ಎದೆಬಡಿತದ ಗೆರೆಯ ಬಗ್ಗೆ ಎರಡು ಮಾತು ಆಡದಿದ್ದರೆ ನಿದ್ದೆ ಬರುವುದಿಲ್ಲ. ಇಸಿಜಿಯಲ್ಲಿ ಪಿ, ಕ್ಯೂ, ಆರ್, ಎಸ್, ಟಿ ಎಂದು ಅಲೆಗಳಿಗೆ ಹೆಸರಿಟ್ಟವರು ಡಚ್ ವೈದ್ಯವಿಜ್ಞಾನಿ ವಿಲೆಮ್ ಐಂತೋವನ್. ಅವರಿಗೆ 1924ರಲ್ಲಿ ನೊಬೆಲ್ ಕೂಡ ಬಂತು. ಆ ಮನುಷ್ಯ ವರ್ಷಗಟ್ಟಲೆ ಏಗಿ ದಾಖಲಿಸಿದ ಏರಿಳಿತದಲ್ಲಿ ಒಂದೊಂದು ಉಬ್ಬಿಗೂ ಕೆಲಸವಿದೆ. ನಮ್ಮ ಡಿಸೈನಿನಲ್ಲಿ? ಒಂದು ನೇರ ಗೆರೆ, ನಡುವೆ ಮುದ್ದಾದ ಪುಟ್ಟ ಹೃದಯ, ಆಮೇಲೆ ಮತ್ತೊಂದು ನೇರ ಗೆರೆ. ಇಂಥದ್ದು ಮಾನಿಟರಿನ ಮೇಲೆ ಕಂಡರೆ ನರ್ಸುಗಳು ಓಡಿ ಬಂದು ಎದೆ ಒತ್ತಲು ಶುರು ಮಾಡುತ್ತಾರೆ. ‘ಬದುಕನ್ನು ಸಂಭ್ರಮಿಸುವ ಸಂಕೇತ’ವಂತೆ. ಸಂಭ್ರಮಿಸಿ, ಬೇಡ ಅನ್ನುವುದಿಲ್ಲ. ಐಸಿಯು ಕಡೆ ಮಾತ್ರ ಆ ಕೈ ಬೀಸಿಕೊಂಡು ಹೋಗಬೇಡಿ.

ಇನ್ನು ಅನಂತ. ಇಂಗ್ಲೆಂಡಿನ ಜಾನ್ ವಾಲಿಸ್ ಎಂಬ ಗಣಿತಜ್ಞ 1655ರಲ್ಲಿ ಆ ಚಿಹ್ನೆಯನ್ನು ಮೊದಲ ಬಾರಿ ಅನಂತಕ್ಕೆ ಬಳಸಿದ. ಇದೇ ಆಕಾರ ಯಾಕೆ ಅಂತ ಆತ ಒಂದು ಸಾಲಿನ ವಿವರಣೆಯನ್ನೂ ಬರೆದಿಡಲಿಲ್ಲ. ರೋಮನ್ನರು ಸಾವಿರಕ್ಕೆ ಬರೆಯುತ್ತಿದ್ದ ಹಳೆಯ ಗುರುತಿನಿಂದ ಬಂದಿರಬಹುದು ಅಂತ ಪಂಡಿತರ ಊಹೆ. ನೋಡಿ, ಹುಟ್ಟುಹಾಕಿದವನೇ ‘ಅರ್ಥ ಗಿರ್ಥ ಕೇಳಬೇಡಿ’ ಅಂತ ಗೀಚಿ ಮುಂದಿನ ಲೆಕ್ಕಕ್ಕೆ ಹೋಗಿದ್ದಾನೆ. ಇವತ್ತು ಅದನ್ನು ಹಾಕಿಸಿಕೊಂಡವರ ಬಾಯಲ್ಲಿ ಮಾತ್ರ ಅರ್ಥ ಸುರಿಯುತ್ತದೆ: ಮುಗಿಯದ ಪ್ರೀತಿ, ಮುಗಿಯದ ಸ್ನೇಹ, ಮುಗಿಯದ ಪಯಣ. ಮುಗಿಯದಿರುವುದು ಈ ವಿವರಣೆಯೊಂದೇ.

ನನ್ನ ತಕರಾರು ಇರುವುದೇ ಇಲ್ಲಿ. ಟ್ಯಾಟೂ ಹಾಕಿಸಿಕೊಳ್ಳುವುದರಲ್ಲಿ ನನಗೇನೂ ಕಷ್ಟವಿಲ್ಲ. ನಿಮ್ಮ ಚರ್ಮ, ನಿಮ್ಮ ನೋವು, ನಿಮ್ಮ ದುಡ್ಡು. ಆದರೆ ‘ಚೆನ್ನಾಗಿತ್ತು, ಹಾಕಿಸಿಕೊಂಡೆ’ ಅಂತ ಹೇಳುವ ಸ್ವಾತಂತ್ರ್ಯ ಎಲ್ಲಿ ಹೋಯಿತು? ಪ್ರತಿ ಗೆರೆಗೂ ಒಂದು ಪ್ರಬಂಧ ಲಗತ್ತಿಸಬೇಕು ಎಂಬ ಕಾಯ್ದೆ ಯಾವಾಗ ಬಂತು? ಕಮಲ ಅಂದರೆ ಕೆಸರಿನಿಂದ ಎದ್ದು ಬಂದೆ, ದಿಕ್ಸೂಚಿ ಅಂದರೆ ದಾರಿ ಕಂಡುಕೊಂಡೆ, ಚಿಟ್ಟೆ ಅಂದರೆ ಬದಲಾದೆ. ಕಿವಿಗೆ ಓಲೆ ಹಾಕಿಕೊಂಡವರನ್ನು ಯಾರೂ ‘ಇದರ ಹಿಂದಿನ ಹೋರಾಟ ಏನು?’ ಅಂತ ಕೇಳುವುದಿಲ್ಲ. ಮಣಿಕಟ್ಟಿನ ಮೇಲೆ ಹುಲ್ಲುಕಡ್ಡಿ ಬರೆಸಿಕೊಂಡರೂ ವಿಚಾರಣಾ ಆಯೋಗ ಕೂರುತ್ತದೆ.

ಈ ಆಯೋಗದವರು ಎಷ್ಟು ನಿರ್ದಯರು ಅಂತ ನೋಡಬೇಕಾದರೆ ಅರ್ಧವಿರಾಮದ (;) ಚಿಹ್ನೆ ಹಾಕಿಸಿಕೊಂಡವರ ಪಕ್ಕ ಹತ್ತು ನಿಮಿಷ ನಿಲ್ಲಿ. ಅದನ್ನು 2013ರಲ್ಲಿ ಶುರು ಮಾಡಿದವರು ಅಮೆರಿಕದ ಏಮಿ ಬ್ಲೂಯೆಲ್, ಆತ್ಮಹತ್ಯೆಯಲ್ಲಿ ತಂದೆಯನ್ನು ಕಳೆದುಕೊಂಡವರು. ವಾಕ್ಯ ಅಲ್ಲಿಗೇ ಮುಗಿಯಬಹುದಿತ್ತು, ಬರೆಯುವವರು ಮುಗಿಸದೆ ಮುಂದುವರಿಸಿದರು, ಅಷ್ಟೇ ಅದರ ತಾತ್ಪರ್ಯ. ಇದನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಆದರೆ ಲಿಫ್ಟಿನಲ್ಲಿ ಮೂರು ಮಹಡಿ ಏರುವಷ್ಟರಲ್ಲಿ ಅಪರಿಚಿತರೊಬ್ಬರು ಆ ಕೈ ನೋಡಿ, ‘ಓ, ಇದಾ! ನಿಮಗೇನಾಗಿತ್ತು?’ ಅಂತ ಕೇಳುತ್ತಾರೆ. ನಿಮಗ್ಯಾಕ್ರೀ? ಒಬ್ಬರು ತಮ್ಮ ಬದುಕಿನ ಅತಿ ಕೆಟ್ಟ ರಾತ್ರಿಯನ್ನು ಎರಡು ಸಣ್ಣ ಗುರುತಿನಲ್ಲಿ ಮಡಚಿಟ್ಟುಕೊಂಡಿದ್ದಾರೆ, ಅದನ್ನು ಬಿಚ್ಚಿ ತೋರಿಸಬೇಕೇ, ನಿಮ್ಮ ಮಹಡಿ ಬರುವುದರೊಳಗೆ?

ಇರಲಿ. ಮನಸ್ಸಿಗೆ ಸಮಾಧಾನ ಬೇಕಾದಾಗ ನಾನು ಓಟ್ಸಿಯನ್ನು ನೆನೆಯುತ್ತೇನೆ. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ, ಇಟಲಿ–ಆಸ್ಟ್ರಿಯಾ ಗಡಿಯ ಹಿಮದಲ್ಲಿ ಸಿಕ್ಕ ದೇಹ. ವಯಸ್ಸು ಸುಮಾರು 5,300 ವರ್ಷ. 2015ರಲ್ಲಿ ವಿಶೇಷ ಬೆಳಕಿನಲ್ಲಿ ಫೋಟೊ ತೆಗೆದು ಎಣಿಸಿದಾಗ ಮೈಮೇಲೆ 61 ಹಚ್ಚೆ ಗುರುತು ಲೆಕ್ಕಕ್ಕೆ ಸಿಕ್ಕವು. ಎಲ್ಲವೂ ಮಸಿಯಲ್ಲಿ ಹಾಕಿದ ಬರೀ ಗೆರೆ, ಒಂದೆರಡು ಕಡೆ ಅಡ್ಡ–ಉದ್ದ. ಒಂದು ಗರಿಯಿಲ್ಲ, ಒಂದು ಹಕ್ಕಿಯಿಲ್ಲ. ಸೊಂಟದ ಹತ್ತಿರ, ಮೊಣಕಾಲಲ್ಲಿ, ಕಾಲಿನ ಹರಡಿನ ಬಳಿ, ಎಡ ಮಣಿಕಟ್ಟಿನ ಮೇಲೂ. ಗೆರೆಗಳಿರುವ ಎಷ್ಟೋ ಕಡೆ ಒಳಗಿನ ಕೀಲು ಸವೆದಿರುವುದರಿಂದ ಇದು ನೋವಿಗೆ ಮಾಡಿಸಿಕೊಂಡ ಚಿಕಿತ್ಸೆ ಇರಬೇಕು ಅಂತ ವಿದ್ವಾಂಸರ ಅಂದಾಜು. ಎಂಥ ಕ್ಲೀನಾದ ವ್ಯವಹಾರ! ಮಂಡಿ ನೋವು, ನಾಲ್ಕು ಗೆರೆ. ಕೈ ನೋವು, ಎರಡು ಗೆರೆ. ಆ ಪುಣ್ಯಾತ್ಮ ಫಾಂಟ್ ಯಾವುದು ಅಂತ ಕೊರಗಲಿಲ್ಲ, ಆರು ಚಿತ್ರ ಕಳಿಸಿ ಗುಡ್ಡದಾಚೆಯವರ ಅಭಿಪ್ರಾಯ ಕೇಳಲಿಲ್ಲ. ಆಮೇಲೆ ಯಾರೋ ಬೆನ್ನ ಹಿಂದಿನಿಂದ ಭುಜಕ್ಕೆ ಬಾಣ ಹೊಡೆದು ಕೊಂದರು, ನಿಜ. ಅದಕ್ಕೂ ಡಿಸೈನಿಗೂ ಸಂಬಂಧವಿದೆಯೆಂದು ಈವರೆಗೆ ಯಾರೂ ಹೇಳಿಲ್ಲ.

ಡಿಸೈನು ಇತ್ಯರ್ಥವಾಯಿತು ಅಂದುಕೊಂಡಿರೋ, ಎರಡನೇ ಯುದ್ಧ ಶುರು: ಯಾವ ಕಡೆಗೆ ಮುಖ? ಕೈ ಇಳಿಬಿಟ್ಟು ನಿಂತಾಗ ನೋಡುವವರಿಗೆ ನೇರ ಕಾಣಬೇಕು, ಅಂದರೆ ಚಿತ್ರದ ತಲೆ ಮೊಣಕೈ ಕಡೆಗಿರಬೇಕು ಅಂತ ಹಚ್ಚೆ ಹಾಕುವ ಹಳೇ ಕೈಗಳ ವಾದ. ಗಿರಾಕಿಗಳ ವಾದ ಉಲ್ಟಾ: ಕೈ ಎತ್ತಿ ನೋಡಿಕೊಂಡಾಗ ನನಗೆ ನೇರ ಕಾಣಬೇಕು, ತಲೆ ಬೆರಳಿನ ಕಡೆಗಿರಲಿ. ಚಿತ್ರದ ಅಚ್ಚಿರುವ ಸ್ಟೆನ್ಸಿಲ್ ಹಾಳೆ ಅಂಟಿಸುವುದು, ಒರೆಸುವುದು, ತಿರುಗಿಸಿ ಅಂಟಿಸುವುದು ಇಷ್ಟರಲ್ಲೇ ಅರ್ಧ ದಿನ. ಇದರಲ್ಲಿ ಒಂದು ತಮಾಷೆಯಿದೆ. ‘ಇದು ನನಗೋಸ್ಕರ ಮಾತ್ರ, ಯಾರಿಗೂ ತೋರ್ಸೋಕಲ್ಲ’ ಅನ್ನುವವರೇ ಎದುರಿನವರಿಗೆ ನೇರ ಕಾಣುವಂತೆ ಹಾಕಿಸಿಕೊಳ್ಳುತ್ತಾರೆ. ‘ಜಗತ್ತಿಗೇ ಸಾರಿ ಹೇಳ್ತೀನಿ’ ಅನ್ನುವವರು ತಮಗೆ ನೇರ ಮಾಡಿಸಿಕೊಂಡು, ಜಗತ್ತು ಕತ್ತು ಉಳುಕಿಸಿಕೊಂಡು ಓದಲಿ ಅಂತ ಬಿಡುತ್ತಾರೆ.

ಮಣಿಕಟ್ಟಿನ ಹೊರಮೈಗೆ ಹಾಕಿಸಿಕೊಂಡವರಿಗೆ ಇನ್ನೊಂದು ವರ 2015ರಲ್ಲಿ ದೊರಕಿತು. ಆಪಲ್ ವಾಚು ಬಂದ ಹೊಸದರಲ್ಲಿ ಹಚ್ಚೆ ಹಾಕಿಸಿಕೊಂಡ ಕೆಲವರ ಕೈಯಲ್ಲಿ ಅದು ನಾಡಿ ಹಿಡಿಯಲು ತಡವರಿಸಿತು. ಆ ಗಡಿಯಾರ ಹಸಿರು ಬೆಳಕು ಬಿಟ್ಟು ರಕ್ತದ ಹರಿವನ್ನು ಅಳೆಯುತ್ತದೆ. ಚರ್ಮದೊಳಗಿನ ಇಂಕು ದಟ್ಟವಾಗಿದ್ದರೆ ಬೆಳಕು ಅಲ್ಲೇ ತಡೆದು ನಿಲ್ಲುತ್ತದೆ. ಕೆಲವು ಟ್ಯಾಟೂಗಳಿಂದ ತೊಂದರೆಯಾಗಬಹುದೆಂದು ಕಂಪನಿಯೇ ಒಪ್ಪಿ ಬರೆಯಿತು. ಅಂದರೆ ಎದೆಬಡಿತವನ್ನು ದಪ್ಪ ಕಪ್ಪಿನಲ್ಲಿ ಬರೆಸಿಕೊಂಡವರ ಕೈಮೇಲೆ ಗಡಿಯಾರ ಕೂತು, ಇಲ್ಲಿ ಎದೆಬಡಿತವೇ ಸಿಗುತ್ತಿಲ್ಲ ಅನ್ನಬಹುದು. ವಿಡಂಬನೆ ಬರೆಯುವವರ ಹೊಟ್ಟೆಯ ಮೇಲೆ ಹೀಗೆಲ್ಲ ಹೊಡೆಯಬಾರದು.

ಮಣಿಕಟ್ಟಿನ ಒಳಮೈ ಚರ್ಮ ತೆಳು, ದಿನವಿಡೀ ಮಡಚಿ ಬಿಚ್ಚುವ ಜಾಗ. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇಡೀ ಸುಭಾಷಿತ ಬೇಕು ಅಂತ ಹಟ ಹಿಡಿಯುವವರಿಗೆ ಹಾಕುವವರು ಹೇಳಿಯೇ ಹೇಳುತ್ತಾರೆ: ಗೆರೆಗಳು ವರ್ಷ ಕಳೆದಂತೆ ದಪ್ಪವಾಗುತ್ತವೆ, ಸಣ್ಣ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ತುಂಬಿಕೊಳ್ಳುತ್ತದೆ. ಕೇಳುವವರು ಯಾರು? ಒಳಗೆ ನಡೆಯುವ ಕಥೆಯೂ ಸೊಗಸಾಗಿದೆ. ಇಂಕು ಇಳಿದ ಕೂಡಲೇ ಮೈ ಅದನ್ನು ನುಸುಳುಕೋರ ಅಂತಲೇ ತಿಳಿಯುತ್ತದೆ. ರೋಗ ನಿರೋಧಕ ಕೋಶಗಳು ಬಂದು ನುಂಗುತ್ತವೆ, ಅರಗಿಸಲಾಗದೆ ಹಾಗೇ ಕೂರುತ್ತವೆ. ಒಂದು ಕೋಶ ಸತ್ತಾಗ ಹೊರಬಿದ್ದ ಬಣ್ಣವನ್ನು ಹೊಸದಾಗಿ ಬಂದ ಕೋಶ ನುಂಗುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ತೋರಿಸಿದರು. ಗುಮಾಸ್ತರು ನಿವೃತ್ತರಾದರೂ ಫೈಲು ವಿಲೇವಾರಿಯಾಗದೆ ಮುಂದಿನವರ ಮೇಜಿಗೆ ಹೋಗುವ ಹಾಗೆ. ‘ಶಾಶ್ವತ ಪ್ರೇಮ’ದ ಶಾಶ್ವತತೆ ನಿಂತಿರುವುದು ಈ ಕಚೇರಿಯ ಮೇಲೆ.

ಈಗ ನಗು ಬದಿಗಿಡುತ್ತೇನೆ. ಕಮಲದ ಎಸಳು ಐದೋ ಏಳೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರಲ್ಲಿ ‘ಸೂಜಿ ಹೊಸದಾ?’ ಅಂತ ಕೇಳಿದವರೆಷ್ಟು? ‘ಇಂಕಿನಲ್ಲಿ ಏನಿದೆ?’ ಅಂತ ಬಾಟಲಿ ತಿರುಗಿಸಿ ನೋಡಿದವರೆಷ್ಟು? ಹೆಪಟೈಟಿಸ್ ಬಿ ಹರಡಿತೆಂದು ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆ ಹಾಕುವುದನ್ನೇ ನಿಷೇಧಿಸಿ, 1997ರವರೆಗೂ ಆ ನಿಷೇಧ ಇಟ್ಟುಕೊಂಡಿತ್ತು. ಅಮೆರಿಕದಲ್ಲಿ ಆಹಾರ, ಔಷಧಗಳ ನಿಯಂತ್ರಣ ನೋಡಿಕೊಳ್ಳುವ ಎಫ್‌ಡಿಎ ಚರ್ಮದೊಳಗೆ ಚುಚ್ಚಲು ಒಂದೇ ಒಂದು ಬಣ್ಣಕ್ಕೂ ಅನುಮೋದನೆ ಕೊಟ್ಟಿಲ್ಲ. ಬಳಕೆಯಲ್ಲಿರುವ ಕೆಲವು ಬಣ್ಣಗಳು ಪ್ರಿಂಟರ್ ಇಂಕಿಗೆ, ಕಾರಿನ ಪೇಂಟಿಗೆ ಹೊಂದುವಂಥವು ಎಂದು ಅದೇ ಹೇಳುತ್ತದೆ. ಯುರೋಪಿನ ಒಕ್ಕೂಟ ಸಾವಿರಾರು ರಾಸಾಯನಿಕಗಳ ಮೇಲೆ ಮಿತಿ ಹೇರಿದ್ದು 2022ರ ಜನವರಿಯಲ್ಲಿ. ಬಹುಬಳಕೆಯ ಒಂದು ನೀಲಿಗೆ, ಒಂದು ಹಸಿರಿಗೆ ಇನ್ನೊಂದು ವರ್ಷ ಗಡುವು ಬೇರೆ. ವಿದ್ಯುತ್ ಹಚ್ಚೆ ಯಂತ್ರಕ್ಕೆ ಸ್ಯಾಮ್ಯುಯೆಲ್ ಓ’ರೈಲಿ ಪೇಟೆಂಟ್ ಪಡೆದದ್ದು 1891ರಲ್ಲಿ. ಯಂತ್ರ ಬಂದು ನೂರಮೂವತ್ತು ವರ್ಷವಾದ ಮೇಲೆ, ಅದು ಮೈಯೊಳಗೆ ಇಳಿಸುತ್ತಿರುವುದು ಏನು ಅಂತ ಆ ಒಕ್ಕೂಟಕ್ಕೆ ಗಂಭೀರವಾಗಿ ಅನುಮಾನ ಬಂತು. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಸಣ್ಣಕ್ಷರವನ್ನೆಲ್ಲ ಭೂತಗನ್ನಡಿ ಹಿಡಿದು ಓದುವ ಜನ ನಾವು. ಚರ್ಮದ ಒಳಗೇ ಹೋಗಿ ಕೂರುವುದರ ಬಗ್ಗೆ ಕೇಳುವ ಒಂದೇ ಪ್ರಶ್ನೆ: ‘ಫಾಂಟ್ ಇನ್ನೂ ಸ್ವಲ್ಪ ಬಾಗಿಸಬಹುದಾ?’ ಸುಸ್ತಾಗುತ್ತದೆ ಮಾರಾಯರೆ.

ಮರುಚುನಾವಣೆ ಕೆಲವು ವರ್ಷಗಳ ನಂತರ. ಅದಕ್ಕೆ ಕವರ್‌ಅಪ್ ಅನ್ನುತ್ತಾರೆ. ಲೇಸರಿನಲ್ಲಿ ತೆಗೆಸೋಣವೆಂದರೆ ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಹೋಗಬೇಕು. ಕಪ್ಪು ಮಾತು ಕೇಳುತ್ತದೆ, ಹಳದಿ–ಹಸಿರು ಸುಲಭಕ್ಕೆ ಜಗ್ಗುವುದಿಲ್ಲ. ಹಾಗಾಗಿ ಹಳೆಯದರ ಮೇಲೆ ಹೊಸದು. ಮುಚ್ಚುವ ಚಿತ್ರ ಮುಚ್ಚಿಸಿಕೊಳ್ಳುವುದಕ್ಕಿಂತ ದೊಡ್ಡದೂ ಇರಬೇಕು, ಗಾಢವೂ ಇರಬೇಕು. ಒಂದು ಪುಟ್ಟ ಹೆಸರು ಗುಲಾಬಿಯಾಗುತ್ತದೆ. ಗುಲಾಬಿಯ ಅಡಿಯಲ್ಲಿ ಮೊದಲಕ್ಷರ ಇಣುಕಿದರೆ ಅದು ಕಾಗೆಯಾಗುತ್ತದೆ, ಕಾಗೆಯ ರೆಕ್ಕೆ ಹೋಗಿ ಮೊಣಕೈ ಮುಟ್ಟುತ್ತದೆ. ಅದೂ ಬೇಸರವಾದರೆ ಬ್ಲ್ಯಾಕ್‌ಔಟ್ ಇದ್ದೇ ಇದೆ: ಗರಿ, ಹಕ್ಕಿ, ಅನಂತ ಎಲ್ಲದರ ಮೇಲೂ ಒಂದೇ ಸಮ ಕಪ್ಪು. ಇದರ ಅರ್ಥವೇನು ಅಂತ ಆಗಲೂ ಯಾರೋ ಕೇಳುತ್ತಾರೆ. ಮೌನ ಅನ್ನುತ್ತಾರೆ, ಶೂನ್ಯ ಅನ್ನುತ್ತಾರೆ, ಅಹಂಕಾರದ ವಿಸರ್ಜನೆ ಅನ್ನುತ್ತಾರೆ. ‘ಕೆಳಗೆ ಹಳೇ ಗರ್ಲ್‌ಫ್ರೆಂಡ್ ಹೆಸರಿದೆ ಸಾರ್’ ಅಂದವರು ಮಾತ್ರ ಇದುವರೆಗೆ ನನಗೆ ಸಿಕ್ಕಿಲ್ಲ.